ಉಬ್ಬಸದ ಪಂಪು: ಎಳೆಯುವ ಕ್ರಮ ಮತ್ತು ಇಡಬೇಕಾದ ಲೆಕ್ಕ

ಈ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಬಿತ್ತನೆ ತುಂಡು, ಗೊಬ್ಬರ, ಕಟಾವು, ಕೂಳೆ ಬೆಳೆ ಇವುಗಳ ವಿಷಯ ಬರುತ್ತದೆ. ಈ ಸಂಚಿಕೆಯಲ್ಲಿ ಬೆಳೆಯ ಬದಲು ಬೆಳೆಗಾರನ ಉಸಿರಿನ ವಿಷಯ ಬರೆಯುತ್ತಿದ್ದೇನೆ. ಇದಕ್ಕೆ ಕಾರಣವಿದೆ. ನಮ್ಮ ಸದಸ್ಯರಲ್ಲಿ ಕೆಲವರ ಮನೆ ವಯನಾಡಿನಲ್ಲಿದೆ, ಹೊಲ ಗಡಿಯ ಈಚೆಗಿದೆ. ಸುಲ್ತಾನ್ ಬತ್ತೇರಿ, ನೂಲ್ಪುಳ, ಪುಲ್ಪಳ್ಳಿ, ಮಾನಂದವಾಡಿ, ತೋಲ್ಪೆಟ್ಟಿ ಕಡೆಗಳಲ್ಲಿ ತಲೆಮಾರುಗಳಿಂದ ಕನ್ನಡ ಮಾತನಾಡುವ ಮನೆಗಳಿವೆ. ಆ ಮನೆಗಳಲ್ಲಿ ಉಬ್ಬಸದ ತೊಂದರೆ ಇದ್ದವರಿಗೆ ಆಸ್ಪತ್ರೆಯಲ್ಲಿ ಎಳೆಯುವ ಔಷಧಿ, ಅಂದರೆ ಇನ್‌ಹೇಲರ್ ಪಂಪು ಕೊಡುತ್ತಾರೆ. ವಿವರಣೆ ಮಲಯಾಳದಲ್ಲಿ, ಡಬ್ಬಿಯ ಮೇಲಿನ ಬರಹ ಇಂಗ್ಲಿಷಿನಲ್ಲಿ, ಓದಬೇಕಾದವರಿಗೆ ಬರುವುದು ಕನ್ನಡ. ಹೀಗಾಗಿ ಔಷಧಿ ಕೈಗೆ ಬಂದರೂ ಅದರ ತಿಳುವಳಿಕೆ ಅರ್ಧದಲ್ಲೇ ಉಳಿಯುತ್ತದೆ.

ನಾನು ಕೃಷಿ ಪದವೀಧರ, ವೈದ್ಯನಲ್ಲ. ಯಾರಿಗೆ ಯಾವ ಔಷಧಿ ಬೇಕು, ಎಷ್ಟು ಬೇಕು ಎಂಬುದನ್ನು ವೈದ್ಯರೇ ನಿರ್ಧರಿಸತಕ್ಕದ್ದು. ಅವರು ಕೊಟ್ಟ ಪಂಪನ್ನು ಕ್ರಮವಾಗಿ ಬಳಸುವುದು, ಅದರ ಲೆಕ್ಕ ಇಡುವುದು, ಯಾವಾಗ ಪಂಪನ್ನು ನಂಬಿ ಕೂರಬಾರದು ಎಂಬುದನ್ನು ತಿಳಿಯುವುದು, ಇವು ಮೂರು ನಮ್ಮ ಕೈಯಲ್ಲಿರುವ ಕೆಲಸಗಳು. ಈ ಲೇಖನ ಅಷ್ಟಕ್ಕೇ ಸೀಮಿತ.

ಎದೆಯೊಳಗೆ ನಡೆಯುವುದೇನು?

ನಾವು ಎಳೆದ ಗಾಳಿಯು ಶ್ವಾಸನಾಳದ ಮೂಲಕ ಹಾದು, ಮರದ ಕೊಂಬೆಗಳಂತೆ ಕವಲೊಡೆದ ಸಣ್ಣ ಸಣ್ಣ ನಳಿಕೆಗಳನ್ನು ಸೇರಿ, ಶ್ವಾಸಕೋಶದ ಕೊನೆಯ ಗೂಡುಗಳನ್ನು ಮುಟ್ಟುತ್ತದೆ. ಉಬ್ಬಸ ಇರುವವರಲ್ಲಿ ಈ ನಳಿಕೆಗಳಿಗೆ ಎರಡು ಬಗೆಯ ತೊಂದರೆಯಾಗಿರುತ್ತದೆ. ಮೊದಲನೆಯದು, ನಳಿಕೆಯ ಸುತ್ತಲಿನ ಸ್ನಾಯುಗಳು ಬಿಗಿದುಕೊಳ್ಳುವುದು. ಎರಡನೆಯದು, ನಳಿಕೆಯ ಒಳಪೊರೆ ಕೆಂಪಾಗಿ ಊದಿಕೊಂಡು ಅಂಟು ಕಫ ತುಂಬುವುದು. ಇವೆರಡೂ ಕೂಡಿ ದಾರಿ ಕಿರಿದಾದಾಗ ಎದೆಯಲ್ಲಿ ಸುಯ್ ಸುಯ್ ಸದ್ದು, ಕೆಮ್ಮು, ಎದೆ ಬಿಗಿತ ಉಂಟಾಗುತ್ತವೆ. ರಾತ್ರಿ ಮತ್ತು ನಸುಕಿನಲ್ಲಿ ಇದು ಹೆಚ್ಚು.

ಬೀಡಿ, ಸಿಗರೇಟು ಸೇದಿದವರಿಗೂ, ಹತ್ತಾರು ವರ್ಷ ಸೌದೆ ಒಲೆಯ ಹೊಗೆ ಕುಡಿದ ಹೆಂಗಸರಿಗೂ ನಡುವಯಸ್ಸು ದಾಟಿದ ಮೇಲೆ ಇನ್ನೊಂದು ರೋಗ ಬರುತ್ತದೆ. ವೈದ್ಯರು ಇದನ್ನು ಸಿ.ಓ.ಪಿ.ಡಿ. ಎನ್ನುತ್ತಾರೆ. ಉಬ್ಬಸ ಬಂದು ಹೋಗುವಂಥದು. ಇದು ಮೆಲ್ಲಮೆಲ್ಲನೆ ಬೆಳೆಯುತ್ತಾ ಹೋಗುವಂಥದು. ಎರಡಕ್ಕೂ ಎಳೆಯುವ ಔಷಧಿ ಕೊಡುತ್ತಾರಾದರೂ ಕ್ರಮ ಒಂದೇ ಅಲ್ಲ. ಆದುದರಿಂದ ‘ನಿಮಗೂ ದಮ್ಮು, ನನಗೂ ದಮ್ಮು’ ಎಂದು ಒಬ್ಬರ ಪಂಪನ್ನು ಇನ್ನೊಬ್ಬರು ಎಳೆಯಬಾರದು.

ಎರಡು ಬಗೆಯ ಔಷಧಿ

ಪಂಪಿನಲ್ಲಿ ಬರುವ ಔಷಧಿಗಳನ್ನು ಮುಖ್ಯವಾಗಿ ಎರಡು ಗುಂಪು ಮಾಡಬಹುದು.

1. ನಳಿಕೆ ಬಿಡಿಸುವ ಔಷಧಿ: ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ. ಸಾಲ್ಬುಟಮಾಲ್, ಲೆವೊಸಾಲ್ಬುಟಮಾಲ್ ಇವು ಬೇಗ ಕೆಲಸ ಮಾಡುವಂಥವು. ಕೆಲವೇ ನಿಮಿಷಗಳಲ್ಲಿ ಎದೆ ಹಗುರಾಗುತ್ತದೆ. ಗುಣ ಸುಮಾರು 4ರಿಂದ 6 ಗಂಟೆ ಕಾಲ ನಿಲ್ಲುತ್ತದೆ. ಸಾಲ್ಬುಟಮಾಲ್ ಪಂಪುಗಳು ಸಾಮಾನ್ಯವಾಗಿ ಒಂದು ಒತ್ತಿಗೆ 100 ಮೈಕ್ರೋಗ್ರಾಂನಂತೆ 200 ಒತ್ತು ಕೊಡುವಂತೆ ತಯಾರಾಗುತ್ತವೆ. ಫಾರ್ಮೊಟೆರಾಲ್, ಸಾಲ್ಮೆಟೆರಾಲ್, ಟಯೋಟ್ರೋಪಿಯಂ ಇವು 12 ಅಥವಾ 24 ಗಂಟೆ ನಿಲ್ಲುವಂಥವು.

2. ಊತ ಇಳಿಸುವ ಔಷಧಿ: ಬುಡೆಸೊನೈಡ್, ಬೆಕ್ಲೊಮೆಥಾಸೋನ್, ಫ್ಲುಟಿಕಾಸೋನ್ ಮುಂತಾದವು. ಇವು ಒಳಪೊರೆಯ ಊತವನ್ನು ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತವೆ. ಎಳೆದ ಕೂಡಲೇ ಏನೂ ಅನಿಸುವುದಿಲ್ಲ. ಬಹಳ ಮಂದಿ ‘ಇದರಿಂದ ಗುಣವಿಲ್ಲ’ ಎಂದು ನಿಲ್ಲಿಸಿಬಿಡುವುದು ಇದನ್ನೇ.

ನಮ್ಮ ಬೆಳೆಯಿಂದಲೇ ಒಂದು ಉದಾಹರಣೆ ನೋಡಿ. ಕಬ್ಬಿನ ಬುಡದಲ್ಲಿ ಗೊಣ್ಣೆಹುಳು ಬೇರು ತಿನ್ನುತ್ತಿರುವಾಗ ಗರಿ ಹಳದಿಯಾಗುತ್ತದೆ. ಯೂರಿಯಾ ಚೆಲ್ಲಿ ನೀರು ಹಾಯಿಸಿದರೆ ನಾಲ್ಕು ದಿನ ಹಸಿರು ಬಂದಂತೆ ಕಂಡೀತು, ಹುಳು ಮಾತ್ರ ಬೇರು ತಿನ್ನುತ್ತಲೇ ಇರುತ್ತದೆ. ಹಾಗೆಯೇ ನಳಿಕೆ ಬಿಡಿಸುವ ಪಂಪು ಉಸಿರಿಗೆ ದಾರಿ ಮಾಡಿಕೊಡುತ್ತದೆ, ಒಳಗಿನ ಊತ ಹಾಗೆಯೇ ಉಳಿದಿರುತ್ತದೆ. ಉಬ್ಬಸದ ಚಿಕಿತ್ಸೆಯ ಕುರಿತು ಜಗತ್ತಿನ ವೈದ್ಯರಿಗೆ ಮಾರ್ಗದರ್ಶನ ನೀಡುವ ‘ಜೀನಾ’ ಸಂಸ್ಥೆಯು 2019ರಲ್ಲಿ ಒಂದು ಮಹತ್ವದ ಬದಲಾವಣೆ ಮಾಡಿತು. ದೊಡ್ಡವರಲ್ಲಾಗಲಿ ಹದಿವಯಸ್ಸಿನವರಲ್ಲಾಗಲಿ ಉಬ್ಬಸಕ್ಕೆ ಬರೀ ಸಾಲ್ಬುಟಮಾಲ್‌ನಂತಹ ಔಷಧಿಯೊಂದನ್ನೇ ಕೊಡಬಾರದು, ಊತ ಇಳಿಸುವ ಔಷಧಿಯೂ ಜೊತೆಗಿರಬೇಕು ಎಂಬುದು ಅದರ ಸಲಹೆ. ನಿಮ್ಮ ಬಳಿ ವರ್ಷಗಳಿಂದ ಒಂದೇ ಸಾಲ್ಬುಟಮಾಲ್ ಪಂಪು ಮಾತ್ರ ಇದ್ದರೆ ಮುಂದಿನ ಸಲ ವೈದ್ಯರನ್ನು ಈ ವಿಷಯವಾಗಿ ಕೇಳಿರಿ.

ಪಂಪಿನ ಬಣ್ಣ ನೋಡಿ ಗುರುತು ಹಿಡಿಯುವ ಅಭ್ಯಾಸ ಎಲ್ಲರಲ್ಲೂ ಇದೆ. ಬೇಗ ಕೆಲಸ ಮಾಡುವ ಪಂಪು ಸಾಮಾನ್ಯವಾಗಿ ನೀಲಿಯಾಗಿರುವುದು ನಿಜ. ಆದರೆ ಕಂಪನಿ ಬದಲಾದರೆ ಬಣ್ಣವೂ ಬದಲಾಗಬಹುದು. ಔಷಧಿಯ ಹೆಸರನ್ನು ಯಾರಿಂದಲಾದರೂ ಓದಿಸಿ, ಒಂದು ಕಾಗದದ ಮೇಲೆ ಕನ್ನಡದಲ್ಲಿ ‘ದಿನವೂ’ ಎಂದೋ ‘ಬೇಕಾದಾಗ’ ಎಂದೋ ಬರೆದು ಪಂಪಿಗೆ ಅಂಟಿಸಿಡುವುದು ಉತ್ತಮ.

ಲೆಕ್ಕವಿಡುವುದು ಏಕೆ?

ಪಂಪು ಎಳೆದೊಡನೆ ಹಾಯೆನಿಸುತ್ತದೆ. ಅಪಾಯ ಇರುವುದೂ ಅಲ್ಲಿಯೇ. ಈ ಮಾತಿಗೆ ಹಳೆಯ ಅನುಭವವಿದೆ.

ಅಳತೆಯ ಒತ್ತು ಕೊಡುವ ಮೊದಲ ಪಂಪು 1956ರಲ್ಲಿ ಅಮೆರಿಕದ ರೈಕರ್ ಪ್ರಯೋಗಾಲಯದಿಂದ ಹೊರಬಂದಿತು. ಅದಕ್ಕೆ ಮೊದಲು ರೋಗಿಗಳು ಒಡೆಯುವ ಗಾಜಿನ ಸಲಕರಣೆಯ ರಬ್ಬರ್ ಬುರುಡೆಯನ್ನು ಹಿಸುಕಿ ಔಷಧಿ ಎಳೆಯುತ್ತಿದ್ದರು. ಹೊಸ ಪಂಪು ಬಹಳ ಅನುಕೂಲವಾಯಿತು. ಆದರೆ 1960ರ ದಶಕದಲ್ಲಿ ಇಂಗ್ಲೆಂಡ್ ಮುಂತಾದ ದೇಶಗಳಲ್ಲಿ ಉಬ್ಬಸದಿಂದ ಸಾಯುವವರ ಸಂಖ್ಯೆ ಇದ್ದಕ್ಕಿದ್ದಂತೆ ಏರಿತು. ಐಸೊಪ್ರಿನಲಿನ್ ಎಂಬ ಔಷಧಿಯ ಕಡು ಪ್ರಮಾಣದ ಪಂಪುಗಳ ಮೇಲೆ ಸಂಶಯ ಬಂದಿತು. 1969ರಲ್ಲಿ ಮಾರುಕಟ್ಟೆಗೆ ಬಂದ ಸಾಲ್ಬುಟಮಾಲ್ ಹೃದಯದ ಮೇಲೆ ಅದಕ್ಕಿಂತ ಕಡಿಮೆ ಪರಿಣಾಮ ಬೀರುವಂಥದು. ಆದರೂ ಅತಿ ಬಳಕೆಯ ಅಪಾಯ ಅಲ್ಲಿಗೆ ಮುಗಿಯಲಿಲ್ಲ. ಬ್ರಿಟನ್ನಿನಲ್ಲಿ ಉಬ್ಬಸದ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೀಗಿದೆ: ಬೇಗ ಕೆಲಸ ಮಾಡುವ ಪಂಪು ಬಳಸುತ್ತಾ ಸತ್ತವರಲ್ಲಿ ಲೆಕ್ಕ ಸಿಕ್ಕಿದ 165 ಜನರ ಪೈಕಿ 65 ಜನರಿಗೆ ಹಿಂದಿನ ಒಂದೇ ವರ್ಷದಲ್ಲಿ 12ಕ್ಕಿಂತ ಹೆಚ್ಚು ಪಂಪುಗಳನ್ನು ಬರೆದುಕೊಡಲಾಗಿತ್ತು. ಪಂಪು ಇಲ್ಲದೆ ಸತ್ತವರಲ್ಲ ಅವರು. ಪಂಪಿನ ಆಸರೆಯಲ್ಲೇ ದಿನ ದೂಡುತ್ತಾ, ಒಳಗಿನ ರೋಗ ಬೆಳೆದದ್ದು ಗೊತ್ತಾಗದೆ ಹೋದವರು.

ಈಗ ನಮ್ಮ ಲೆಕ್ಕ ಮಾಡೋಣ. ಪಂಪಿನಲ್ಲಿ 200 ಒತ್ತು. ವಾರಕ್ಕೆ ಎರಡು ದಿನ, ದಿನಕ್ಕೆ ಎರಡು ಒತ್ತಿನಂತೆ ಎಳೆದರೆ ವಾರಕ್ಕೆ 4 ಒತ್ತು. ಆ ಪ್ರಕಾರ ಒಂದು ಪಂಪು 50 ವಾರ, ಅಂದರೆ ಹತ್ತಿರ ಹತ್ತಿರ ಒಂದು ವರ್ಷ ಬರಬೇಕು. ಅದೇ ಪಂಪು ಒಂದೇ ತಿಂಗಳಲ್ಲಿ ಮುಗಿದರೆ ದಿನಕ್ಕೆ ಆರೇಳು ಒತ್ತು ಎಳೆದಂತಾಯಿತು. ವೈದ್ಯರು ಇಟ್ಟುಕೊಂಡಿರುವ ಗುರುತುಗಳು ಹೀಗಿವೆ:

– ವಾರದಲ್ಲಿ ಎರಡು ದಿನಕ್ಕಿಂತ ಹೆಚ್ಚು ಬಾರಿ ಬೇಕಾಗುತ್ತಿದ್ದರೆ ಉಬ್ಬಸ ಹತೋಟಿಯಲ್ಲಿಲ್ಲ.
– ವರ್ಷಕ್ಕೆ 3 ಅಥವಾ ಅದಕ್ಕಿಂತ ಹೆಚ್ಚು ಪಂಪು ಖರ್ಚಾದರೆ ರೋಗ ಉಲ್ಬಣಿಸುವ ಸಂಭವ ಹೆಚ್ಚು.
– ವರ್ಷಕ್ಕೆ 12 ಅಥವಾ ಮೇಲ್ಪಟ್ಟು ಖರ್ಚಾದರೆ ಪ್ರಾಣಕ್ಕೇ ಅಪಾಯ ಹೆಚ್ಚು.

ಈ ಗುರುತುಗಳು ಉಬ್ಬಸದವರಿಗೆ. ಸಿ.ಓ.ಪಿ.ಡಿ. ಇರುವವರಿಗೆ ನಳಿಕೆ ಬಿಡಿಸುವ ಔಷಧಿಯನ್ನೇ ದಿನವೂ ಎಳೆಯಲು ಹೇಳುವುದುಂಟು. ಅವರು ಆ ಮಾತಿನಂತೆಯೇ ನಡೆಯತಕ್ಕದ್ದು. ಆದರೆ ಹಿಂದಿನ ತಿಂಗಳಿಗಿಂತ ಈ ತಿಂಗಳು ಹೆಚ್ಚು ಬೇಕಾಗುತ್ತಿದೆ ಎಂದಾದರೆ ಅವರೂ ವೈದ್ಯರನ್ನು ಕಾಣಬೇಕು.

ಕಾರ್ಖಾನೆಗೆ ಕಳುಹಿಸಿದ ಕಬ್ಬಿನ ತೂಕದ ಚೀಟಿಯನ್ನು ಜೋಪಾನವಾಗಿ ಇಡುವ ನೀವು, ಹೊಸ ಪಂಪು ತೆರೆದ ದಿನದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುವುದು ಕಷ್ಟವಲ್ಲ. ಎಳೆದ ದಿನ ಒಂದು ಗೀಟು ಹಾಕಿ. ವೈದ್ಯರ ಬಳಿ ಹೋಗುವಾಗ ಆ ಕ್ಯಾಲೆಂಡರನ್ನೇ ಒಯ್ಯಿರಿ. ಭಾಷೆ ತಿಳಿಯದ ಕಡೆಯಲ್ಲೂ ಗೀಟುಗಳ ಲೆಕ್ಕ ಎಲ್ಲರಿಗೂ ತಿಳಿಯುತ್ತದೆ.

ಎಳೆಯುವ ಕ್ರಮ

ಕಳೆನಾಶಕ ಸಿಂಪಡಿಸುವಾಗ ನಾಜಲ್ ಸರಿಯಿಲ್ಲದಿದ್ದರೆ, ಗಾಳಿ ಬೀಸಿದರೆ, ಔಷಧಿ ಕಳೆಯ ಮೇಲೆ ಬೀಳದೆ ಬೇರೆಲ್ಲೋ ಬೀಳುತ್ತದೆ. ಪಂಪಿನ ಔಷಧಿಯೂ ಹಾಗೆಯೇ. ಅದರ ಹನಿಗಳು ಬಹಳ ಸೂಕ್ಷ್ಮ; ಶ್ವಾಸಕೋಶದ ಆಳಕ್ಕೆ ಇಳಿಯಬೇಕಾದರೆ 1ರಿಂದ 5 ಮೈಕ್ರಾನ್ ಗಾತ್ರದಲ್ಲಿರಬೇಕು. ಬರಿಗೈಯಲ್ಲಿ ಪಂಪು ಒತ್ತಿ ಎಳೆದಾಗ ಒಳಗೆ ಮುಟ್ಟುವುದು ಹತ್ತರಲ್ಲಿ ಒಂದೆರಡು ಪಾಲು ಮಾತ್ರ. ಉಳಿದದ್ದು ಗಂಟಲಿಗೆ ಬಡಿದು ಹೊಟ್ಟೆಗೆ ಇಳಿಯುತ್ತದೆ. ಕ್ರಮ ತಪ್ಪಿದರೆ ಆ ಒಂದೆರಡು ಪಾಲೂ ಸಿಗದು.

ಒತ್ತುವ ಪಂಪಿಗೆ:

1. ನೆಟ್ಟಗೆ ಕುಳಿತುಕೊಳ್ಳಿ ಅಥವಾ ನಿಲ್ಲಿ. ಮುಚ್ಚಳ ತೆಗೆದು ಬಾಯಿಯ ಭಾಗದಲ್ಲಿ ಕಸ, ಹುಳ ಇಲ್ಲವೆಂದು ನೋಡಿ.
2. ಪಂಪನ್ನು ಚೆನ್ನಾಗಿ ಕುಲುಕಿ. ಹೊಸದಾಗಿದ್ದರೆ ಅಥವಾ ಬಹಳ ದಿನ ಬಳಸದಿದ್ದರೆ ಮೊದಲು ಎರಡು ಮೂರು ಒತ್ತು ಗಾಳಿಗೆ ಬಿಡಿ.
3. ಉಸಿರನ್ನು ಮೆಲ್ಲಗೆ ಪೂರ್ತಿ ಹೊರಗೆ ಬಿಡಿ.
4. ಬಾಯಿಯ ಭಾಗವನ್ನು ಹಲ್ಲುಗಳ ನಡುವೆ ಇಟ್ಟು ತುಟಿಗಳನ್ನು ಬಿಗಿಯಾಗಿ ಮುಚ್ಚಿ.
5. ನಿಧಾನವಾಗಿ ಉಸಿರೆಳೆಯಲು ಆರಂಭಿಸಿದ ಕೂಡಲೇ ಒಂದು ಸಲ ಒತ್ತಿ, ಮೂರರಿಂದ ಐದು ಸೆಕೆಂಡು ಎಳೆಯುತ್ತಲೇ ಇರಿ.
6. ಪಂಪು ತೆಗೆದು ಬಾಯಿ ಮುಚ್ಚಿ, ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಆಗದಿದ್ದರೆ ಆದಷ್ಟು.
7. ಎರಡನೆಯ ಒತ್ತು ಬೇಕಾದರೆ ಅರ್ಧದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಕುಲುಕಿ ಎಳೆಯಿರಿ. ಒಂದೇ ಉಸಿರಿಗೆ ಎರಡು ಒತ್ತು ಒತ್ತಬಾರದು.

ಒತ್ತುವುದು ಎಳೆಯುವುದು ಎರಡನ್ನೂ ಹೊಂದಿಸುವುದು ವಯಸ್ಸಾದವರಿಗೆ, ಮಕ್ಕಳಿಗೆ, ದಮ್ಮು ಏರಿದವರಿಗೆ ಕಷ್ಟ. ಇದಕ್ಕಾಗಿ ‘ಸ್ಪೇಸರ್’ ಎಂಬ ಪ್ಲಾಸ್ಟಿಕ್ ಬುರುಡೆ ಸಿಗುತ್ತದೆ. ಪಂಪನ್ನು ಇದರ ಒಂದು ತುದಿಗೆ ಸಿಕ್ಕಿಸಿ ಒಂದು ಒತ್ತು ಒತ್ತಿ, ಇನ್ನೊಂದು ತುದಿಯಿಂದ ನಾಲ್ಕಾರು ಸಲ ಉಸಿರಾಡಿದರೆ ಸಾಕು. ಔಷಧಿ ಗಂಟಲಿಗೆ ಬಡಿಯುವುದು ಕಡಿಮೆಯಾಗಿ ಎದೆಗೆ ಹೆಚ್ಚು ಮುಟ್ಟುತ್ತದೆ. ಎಳೆಯ ಮಕ್ಕಳಿಗೆ ಮುಖಕ್ಕೆ ಹಿಡಿಯುವ ಮಾಸ್ಕ್ ಸಹಿತ ದೊರೆಯುತ್ತದೆ. ಸ್ಪೇಸರನ್ನು ಸೋಪಿನ ನೀರಿನಲ್ಲಿ ಅದ್ದಿ ತೊಳೆದು ಹಾಗೆಯೇ ಗಾಳಿಗೆ ಒಣಗಲು ಬಿಡಬೇಕು. ಬಟ್ಟೆಯಿಂದ ಉಜ್ಜಿದರೆ ಒಳಗೋಡೆಗೆ ಔಷಧಿಯನ್ನು ಸೆಳೆಯುವ ಗುಣ ಬಂದುಬಿಡುತ್ತದೆ.

ಪುಡಿ ಕ್ಯಾಪ್ಸೂಲಿಗೆ:

ಇದು ನುಂಗುವ ಮಾತ್ರೆಯಲ್ಲ. ನೋಡಲು ಮಾತ್ರೆಯಂತಿರುವುದರಿಂದ ನೀರಿನೊಡನೆ ನುಂಗಿಬಿಡುವವರಿದ್ದಾರೆ. ಅದರಿಂದ ಉಸಿರಿಗೆ ಪ್ರಯೋಜನವಿಲ್ಲ. ಕ್ಯಾಪ್ಸೂಲನ್ನು ಸಲಕರಣೆಯಲ್ಲಿ ಹಾಕಿ, ಅದರ ಕ್ರಮದಂತೆ ತಿರುಗಿಸಿ ಅಥವಾ ಚುಚ್ಚಿ, ಮುಖ ಪಕ್ಕಕ್ಕೆ ತಿರುಗಿಸಿ ಉಸಿರು ಹೊರಬಿಟ್ಟು, ಬಾಯಿಗಿಟ್ಟುಕೊಂಡು ಜೋರಾಗಿ, ಆಳವಾಗಿ ಎಳೆಯಬೇಕು. ಒತ್ತುವ ಪಂಪನ್ನು ನಿಧಾನವಾಗಿ ಎಳೆಯಬೇಕು, ಪುಡಿಯದನ್ನು ರಭಸದಿಂದ ಎಳೆಯಬೇಕು ಎಂಬ ವ್ಯತ್ಯಾಸವನ್ನು ಮರೆಯಬಾರದು. ಎಳೆದ ಮೇಲೆ ತೆರೆದು ನೋಡಿ. ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಿರಿ. ಸಲಕರಣೆಯೊಳಗೆ ಉಸಿರು ಬಿಡಕೂಡದು.

ಊತ ಇಳಿಸುವ ಔಷಧಿ ಎಳೆದ ಮೇಲೆ ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲದಿದ್ದರೆ ಬಾಯಲ್ಲಿ ಬಿಳಿ ಅಗ್ರು ಬರುವುದು, ಗಂಟಲು ಒಡೆಯುವುದು ಉಂಟು.

ಮೊದಲ ಸಲ ಔಷಧಿ ಕೊಟ್ಟಾಗ ನರ್ಸಮ್ಮನ ಎದುರೇ ಎಳೆದು ತೋರಿಸಿ ಬನ್ನಿ. ಮಾತು ಪೂರ್ತಿ ತಿಳಿಯದಿದ್ದರೂ ಕೈಯ ತಪ್ಪನ್ನು ಕಣ್ಣು ಹಿಡಿಯುತ್ತದೆ. ಮಲಯಾಳದಲ್ಲಿ ಉಸಿರು ಕಟ್ಟುವುದಕ್ಕೆ ‘ಶ್ವಾಸಂಮುಟ್ಟಲ್’ ಎನ್ನುತ್ತಾರೆ, ಉಬ್ಬಸಕ್ಕೆ ‘ವಲಿವ್’ ಎನ್ನುವುದುಂಟು. ಈ ಎರಡು ಪದ ಗೊತ್ತಿದ್ದರೆ ಅರ್ಧ ಕೆಲಸವಾದಂತೆ. ಉಸಿರಾಟದ ರೋಗಗಳಿಗಾಗಿ ಕೇರಳದ ಆರೋಗ್ಯ ಇಲಾಖೆಯು ‘ಶ್ವಾಸ್’ ಎಂಬ ಹೆಸರಿನ ಕ್ಲಿನಿಕ್‌ಗಳನ್ನು ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ನಡೆಸುತ್ತದೆ. ನಿಮ್ಮ ಪಂಚಾಯತಿಯ ಕೇಂದ್ರದಲ್ಲಿ ಅದು ಯಾವ ದಿನವೆಂದು ವಿಚಾರಿಸಿಕೊಳ್ಳಿ.

ವಯನಾಡಿನ ಮಳೆಗಾಲದಲ್ಲಿ ಔಷಧಿಯ ಜೋಪಾನ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಯನಾಡಿನಲ್ಲಿ ಗೋಡೆಗೂ ಬೂಷ್ಟು, ಬಟ್ಟೆಗೂ ಬೂಷ್ಟು. ಈ ಬೂಷ್ಟೇ ಕೆಲವರಿಗೆ ಉಬ್ಬಸ ಎಬ್ಬಿಸುತ್ತದೆ; ಜೊತೆಗೆ ಔಷಧಿಯನ್ನೂ ಕೆಡಿಸುತ್ತದೆ. ಪುಡಿ ಕ್ಯಾಪ್ಸೂಲು ತೇವ ಹೀರಿ ಗಂಟಾದರೆ ಎಷ್ಟು ಎಳೆದರೂ ಹಾರುವುದಿಲ್ಲ. ಆದುದರಿಂದ ಬಳಸುವ ಹೊತ್ತಿಗೆ ಮಾತ್ರ ಒಂದನ್ನು ಹೊರತೆಗೆಯಿರಿ, ಒದ್ದೆ ಕೈಯಿಂದ ಮುಟ್ಟಬೇಡಿ, ಬಚ್ಚಲಮನೆಯಲ್ಲಿ ಇಡಬೇಡಿ, ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ.

ಒತ್ತುವ ಪಂಪಿನ ಲೋಹದ ಡಬ್ಬಿಯಲ್ಲಿ ಒತ್ತಡದ ಅನಿಲವಿರುತ್ತದೆ. ಒಲೆಯ ಮೇಲಿನ ಅಟ್ಟ, ಬಿಸಿಲಿಗೆ ನಿಂತ ಜೀಪು, ಟ್ರ್ಯಾಕ್ಟರಿನ ಪೆಟ್ಟಿಗೆ ಇವು ಅದಕ್ಕೆ ತಕ್ಕ ಜಾಗವಲ್ಲ. ಖಾಲಿಯಾದ ಡಬ್ಬಿಯನ್ನು ಚುಚ್ಚಬಾರದು, ಬೆಂಕಿಗೆ ಎಸೆಯಬಾರದು. ವಾರಕ್ಕೊಮ್ಮೆ ಡಬ್ಬಿಯನ್ನು ಹೊರತೆಗೆದು, ಪ್ಲಾಸ್ಟಿಕ್ ಭಾಗವನ್ನು ಮಾತ್ರ ಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿ. ಡಬ್ಬಿಯನ್ನು ನೀರಿಗೆ ಹಾಕಿ ತೇಲುತ್ತದೆಯೋ ಮುಳುಗುತ್ತದೆಯೋ ಎಂದು ನೋಡುವ ಪರೀಕ್ಷೆ ನಂಬತಕ್ಕದ್ದಲ್ಲ. ಔಷಧಿ ಮುಗಿದ ಮೇಲೂ ಬರೀ ಅನಿಲ ಕೆಲವು ಒತ್ತು ಬರುತ್ತಿರುತ್ತದೆ. ಲೆಕ್ಕ ತೋರಿಸುವ ಅಂಕಿ ಪಂಪಿನಲ್ಲಿದ್ದರೆ ಅದನ್ನು ನೋಡಿ; ಇಲ್ಲದಿದ್ದರೆ ನಿಮ್ಮ ಕ್ಯಾಲೆಂಡರೇ ಲೆಕ್ಕ.

ಹೊಲದ ಕೆಲಸ ಮತ್ತು ಉಸಿರು

ಉಬ್ಬಸಕ್ಕೆ ಒಳ್ಳೆಯ ಔಷಧಿ ಎಂದರೆ ಕೆರಳಿಸುವುದರಿಂದ ದೂರ ಇರುವುದು. ಮೂರು ವಿಷಯಗಳನ್ನು ಇಲ್ಲಿ ಹೇಳಬೇಕು.

ಮೊದಲನೆಯದು ರವದಿ ಸುಡುವುದು. ಕಟಾವಾದ ಮೇಲೆ ರವದಿಗೆ ಬೆಂಕಿ ಇಟ್ಟರೆ ಹೊಗೆ ನಿಮ್ಮ ಹೊಲದಲ್ಲಿ ನಿಲ್ಲುವುದಿಲ್ಲ, ಪಕ್ಕದ ಮನೆಯ ಮಗುವಿನ ಎದೆಗೂ ಹೋಗುತ್ತದೆ. ಕೂಳೆ ಬೆಳೆಯ ಸಾಲುಗಳ ನಡುವೆ ರವದಿಯನ್ನು ಹರಡಿದರೆ ತೇವ ಉಳಿಯುತ್ತದೆ, ಕಳೆ ಅಡಗುತ್ತದೆ, ಕೊಳೆತು ಗೊಬ್ಬರವಾಗುತ್ತದೆ. ಬೆಳೆಗೂ ಲಾಭ, ಎದೆಗೂ ಲಾಭ.

ಎರಡನೆಯದು ಬೂಷ್ಟು ಹಿಡಿದ ಕಬ್ಬಿನ ಸಿಪ್ಪೆ. ಹಳೆಯ ರಾಶಿಯನ್ನು ಕೆದಕಿದಾಗ ಏಳುವ ಧೂಳಿನಿಂದ ‘ಬ್ಯಾಗಸೋಸಿಸ್’ ಎಂಬ ಶ್ವಾಸಕೋಶದ ರೋಗ ಬರುತ್ತದೆ. ಧೂಳು ಕುಡಿದ ಕೆಲವು ಗಂಟೆಗಳ ನಂತರ ಜ್ವರ, ಒಣಕೆಮ್ಮು, ಏದುಸಿರು ಬರುವುದು ಇದರ ಲಕ್ಷಣ. ಉಬ್ಬಸದ ಪಂಪಿನಿಂದ ಇದು ವಾಸಿಯಾಗುವುದಿಲ್ಲ. ರಾಶಿಯನ್ನು ನೀರು ಚಿಮುಕಿಸಿ ತೆಗೆಯಬೇಕು, ಮೂಗು ಬಾಯಿಗೆ ಮಾಸ್ಕ್ ಇರಬೇಕು. ಉಬ್ಬಸ ಇರುವವರು ಆ ಕೆಲಸಕ್ಕೆ ಹೋಗದಿರುವುದೇ ಲೇಸು.

ಮೂರನೆಯದು ಕೀಟನಾಶಕ. ಕ್ಲೋರ್‌ಪೈರಿಫಾಸ್‌ನಂತಹ ವಿಷಗಳು ಮೈಗೆ ಸೇರಿದರೆ ಅವೇ ಶ್ವಾಸನಾಳವನ್ನು ಬಿಗಿಸುತ್ತವೆ. ಸಿಂಪಡಿಸಿ ಬಂದ ಮೇಲೆ ಏದುಸಿರಿನ ಜೊತೆಗೆ ಬಾಯಲ್ಲಿ ಜೊಲ್ಲು, ಮೈ ಬೆವರು, ಕಣ್ಣಲ್ಲಿ ನೀರು, ಕಣ್ಣುಗುಡ್ಡೆಯ ಕಪ್ಪು ಬಿಂದು ಸಾಸಿವೆಯಷ್ಟಾಗುವುದು, ವಾಂತಿ ಇವು ಕಂಡರೆ ಅದು ಉಬ್ಬಸವಲ್ಲ, ವಿಷ. ಪಂಪು ಎಳೆಯುತ್ತಾ ಕಾಯಬೇಡಿ. ಬಟ್ಟೆ ಬಿಚ್ಚಿಸಿ, ಮೈ ತೊಳೆದು, ವಿಷದ ಡಬ್ಬಿಯ ಚೀಟಿಯೊಂದಿಗೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಜಾಗ್ರತೆಯ ಮಾತುಗಳು

ಸಾಲ್ಬುಟಮಾಲ್ ಎಳೆದ ಮೇಲೆ ಕೈ ನಡುಗುವುದು, ಎದೆ ಡವಗುಟ್ಟುವುದು, ತಲೆನೋವು, ಕಾಲಿನ ಮೀನಖಂಡ ಹಿಡಿಯುವುದು ಉಂಟು. ಸ್ವಲ್ಪ ಹೊತ್ತಿನಲ್ಲಿ ಇಳಿಯುವಂಥದ್ದಾದರೆ ಗಾಬರಿ ಬೇಡ. ಎದೆನೋವು ಬಂದರೆ, ಬಡಿತ ತಾಳ ತಪ್ಪಿದರೆ ವೈದ್ಯರನ್ನು ಕಾಣಿರಿ. ಹೃದಯರೋಗ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇರುವವರು ಅದನ್ನು ಮೊದಲೇ ತಿಳಿಸಬೇಕು.

ಬೇರೆ ಕಾಯಿಲೆಯ ಔಷಧಿ ಉಬ್ಬಸವನ್ನು ಕೆರಳಿಸುವುದುಂಟು. ರಕ್ತದೊತ್ತಡಕ್ಕೆ, ಕೈ ನಡುಕಕ್ಕೆ ಕೊಡುವ ಪ್ರೊಪ್ರನೊಲಾಲ್, ಅಟೆನೊಲಾಲ್, ಕಣ್ಣಿನ ಒತ್ತಡಕ್ಕೆ ಹಾಕುವ ಟಿಮೊಲಾಲ್ ಹನಿ, ಕೆಲವರಿಗೆ ಆಸ್ಪಿರಿನ್ ಮುಂತಾದ ನೋವಿನ ಮಾತ್ರೆ ಇಂಥವು. ಇವನ್ನು ನೀವಾಗಿ ನಿಲ್ಲಿಸಬೇಡಿ. ‘ನನಗೆ ಉಬ್ಬಸವಿದೆ’ ಎಂದು ಹೇಳಿ ಬದಲಿಸಿಕೊಳ್ಳಿ.

ವಯನಾಡಿನವರು ವಿಶೇಷವಾಗಿ ತಿಳಿದಿರಬೇಕಾದ ಒಂದು ವಿಷಯವಿದೆ. ಅಲ್ಲಿನ ಆದಿವಾಸಿ ಸಮುದಾಯಗಳಲ್ಲಿ ಮತ್ತು ಚೆಟ್ಟಿ ಸಮುದಾಯದಲ್ಲಿ ಕುಡಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಕಾಯಿಲೆ ವಂಶಪಾರಂಪರ್ಯವಾಗಿ ಕಂಡುಬರುತ್ತದೆ. ಅದು ಇರುವವರಿಗೆ ಜ್ವರ, ಎದೆನೋವಿನೊಡನೆ ಏದುಸಿರು ಬಂದರೆ ಪಂಪು ಎಳೆದು ಮಲಗಿಸಬೇಡಿ. ಅದು ಆಸ್ಪತ್ರೆಯಲ್ಲಿ ಕೂಡಲೇ ನೋಡಬೇಕಾದ ತುರ್ತು.

ಹಳ್ಳಿಗಳಲ್ಲಿ ಉಮ್ಮತ್ತಿ ಎಲೆಯ ಹೊಗೆ ಕುಡಿಯುವ ರೂಢಿ ಹಿಂದಿನಿಂದ ಇದೆ. ಅದರಲ್ಲಿ ನಳಿಕೆ ಬಿಡಿಸುವ ಗುಣವಿರುವುದು ಸುಳ್ಳಲ್ಲ. ಇಪ್ರಟ್ರೋಪಿಯಂ, ಟಯೋಟ್ರೋಪಿಯಂ ಔಷಧಿಗಳೂ ಆ ಬಗೆಯ ಸತ್ವದಿಂದಲೇ ಬೆಳೆದು ಬಂದವು. ಆದರೆ ಎಲೆಯಲ್ಲಿ ಸತ್ವ ಎಷ್ಟಿದೆ ಎಂದು ಅಳೆಯಲಾಗದು, ಹೊಗೆಯೇ ಉಬ್ಬಸಕ್ಕೆ ವೈರಿ, ಅಳತೆ ಮೀರಿದರೆ ಉಮ್ಮತ್ತಿ ವಿಷ. ಆದುದರಿಂದ ಅದರ ಗೊಡವೆ ಬೇಡ.

ರಾತ್ರಿ ದಮ್ಮು ಏರಿದರೆ

ಕೆಳಗಿನ ಲಕ್ಷಣಗಳಲ್ಲಿ ಒಂದು ಕಂಡರೂ ಅದು ಮನೆಯಲ್ಲಿ ಇಟ್ಟುಕೊಳ್ಳುವ ಕಾಯಿಲೆಯಲ್ಲ:

– ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರು.
– ತುಟಿ, ಉಗುರು ನೀಲಿಯಾಗುವುದು.
– ಮಂಪರು ಕವಿಯುವುದು, ಮಾತು ತೊದಲುವುದು.
– ಪಂಪು ಎಳೆದರೂ ಗುಣವಿಲ್ಲದಿರುವುದು, ಅಥವಾ ಮೂರು ಗಂಟೆಯೊಳಗೆ ಮತ್ತೆ ಬೇಕೆನಿಸುವುದು.
– ಸುಯ್ ಸದ್ದು ನಿಂತಿದ್ದರೂ ಕಷ್ಟ ಹೆಚ್ಚಾಗಿರುವುದು. ಇದು ಇಳಿದ ಗುರುತಲ್ಲ. ಗಾಳಿಯೇ ಆಡುತ್ತಿಲ್ಲವೆಂಬ ಗುರುತು.

ಇಂತಹ ಹೊತ್ತಿನಲ್ಲಿ ಮೊದಲು 108ಕ್ಕೆ ಕರೆ ಮಾಡಿ. ಈ ಸಂಖ್ಯೆ ಕೇರಳದಲ್ಲೂ ಕರ್ನಾಟಕದಲ್ಲೂ ನಡೆಯುತ್ತದೆ. ರೋಗಿಯನ್ನು ಮಲಗಿಸದೆ ನೆಟ್ಟಗೆ ಕೂರಿಸಿ. ವೈದ್ಯರು ಮೊದಲೇ ಬರೆದುಕೊಟ್ಟ ಕ್ರಮವಿದ್ದರೆ ಅದರಂತೆ ಮಾಡಿ. ಇಲ್ಲದಿದ್ದರೆ ಆಸ್ಟ್ರೇಲಿಯಾದಲ್ಲಿ ಜನಸಾಮಾನ್ಯರಿಗೆ ಕಲಿಸುವ ‘ನಾಲ್ಕರ ಕ್ರಮ’ ನೆನಪಿಡಲು ಸುಲಭ: ಸಾಲ್ಬುಟಮಾಲ್ ಪಂಪಿನಿಂದ ಸ್ಪೇಸರ್ ಮೂಲಕ ಒಂದೊಂದಾಗಿ 4 ಒತ್ತು; ಪ್ರತಿ ಒತ್ತಿಗೂ 4 ಉಸಿರು; ನಂತರ 4 ನಿಮಿಷ ಕಾಯುವುದು; ಗುಣವಿಲ್ಲದಿದ್ದರೆ ಮತ್ತೆ 4 ಒತ್ತು. ಗಾಡಿ ಬರುವವರೆಗೂ ಹೀಗೆಯೇ ಮುಂದುವರಿಸಬೇಕು. ತುರ್ತಿನಲ್ಲಿ ಹೆಚ್ಚು ಒತ್ತು ಕೊಡುವುದಕ್ಕೆ ಹೆದರಬಾರದು. ಕೊಟ್ಟು ಮನೆಯಲ್ಲೇ ಉಳಿಯುವುದಕ್ಕೆ ಹೆದರಬೇಕು.

ನಮ್ಮ ಗಡಿ ಸದಸ್ಯರು ದಾರಿಯ ವಿಷಯವನ್ನು ಮೊದಲೇ ಯೋಚಿಸಿರಬೇಕು. ಗುಂಡ್ಲುಪೇಟೆಯಿಂದ ಬಂಡೀಪುರ, ಮುತ್ತಂಗ ಕಾಡಿನ ಮೂಲಕ ಸುಲ್ತಾನ್ ಬತ್ತೇರಿಗೆ ಹೋಗುವ 766ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ವನ್ಯಪ್ರಾಣಿಗಳ ರಕ್ಷಣೆಗಾಗಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಆಂಬುಲೆನ್ಸಿಗೆ ವಿನಾಯಿತಿ ಇದೆ, ಸ್ವಂತ ಜೀಪಿಗೆ ಇಲ್ಲ. ಬಾವಲಿ ಮೂಲಕ ಕಾಡು ದಾಟುವ ರಸ್ತೆಯೂ ರಾತ್ರಿ ಮುಚ್ಚಿರುತ್ತದೆ. ಆದುದರಿಂದ ‘ಮೈಸೂರಿಗೇ ಹೋಗೋಣ’ ಎಂದು ಹೊತ್ತು ಕಳೆಯದೆ, ಯಾವ ಕಡೆ ಇದ್ದೀರೋ ಆ ಕಡೆಯ ಹತ್ತಿರದ ಆಸ್ಪತ್ರೆಗೆ ಹೋಗತಕ್ಕದ್ದು. ವಯನಾಡಿನಲ್ಲಿದ್ದರೆ ಸುಲ್ತಾನ್ ಬತ್ತೇರಿಯ ತಾಲ್ಲೂಕು ಆಸ್ಪತ್ರೆ, ಕಲ್ಪೆಟ್ಟದ ಜನರಲ್ ಆಸ್ಪತ್ರೆ, ಮಾನಂದವಾಡಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇವೆ. ಹೊಲದ ಕಡೆ ಇದ್ದರೆ ಗುಂಡ್ಲುಪೇಟೆ ಅಥವಾ ಹೆಗ್ಗಡದೇವನಕೋಟೆಯ ಸರ್ಕಾರಿ ಆಸ್ಪತ್ರೆ.

ಕಟಾವಿನ ಕಾಲದಲ್ಲಿ ಹೊಲದಲ್ಲೇ ರಾತ್ರಿ ಉಳಿಯುವವರು ಪಂಪನ್ನು ಮನೆಯಲ್ಲಿ ಬಿಟ್ಟು ಬರಬಾರದು. ಜೇಬಿನಲ್ಲಿ ಒಂದು, ಮನೆಯಲ್ಲಿ ಒಂದು ಇರಲಿ. ಎಲ್ಲಿಟ್ಟಿದೆ, ಹೇಗೆ ಕೊಡಬೇಕು ಎಂಬುದು ಹೆಂಡತಿ ಮಕ್ಕಳಿಗೂ, ಜೊತೆಯ ಆಳುಗಳಿಗೂ ಗೊತ್ತಿರಲಿ.

ಸದಸ್ಯರು ಕೇಳುವ ಪ್ರಶ್ನೆಗಳು

ಪ್ರಶ್ನೆ: ಪಂಪು ಎಳೆದರೆ ಚಟವಾಗುತ್ತದೆಯೇ?
ಉತ್ತರ: ಚಟವಾಗುವುದಿಲ್ಲ. ಹೆಚ್ಚು ಹೆಚ್ಚು ಬೇಕೆನಿಸಿದರೆ ರೋಗ ಹೆಚ್ಚಿದೆ ಎಂದರ್ಥ.

ಪ್ರಶ್ನೆ: ಮಾತ್ರೆ ನುಂಗುವುದು ಒಳ್ಳೆಯದಲ್ಲವೇ?
ಉತ್ತರ: ಮಾತ್ರೆಯಲ್ಲಿ ಸಾಲ್ಬುಟಮಾಲ್ 2 ಅಥವಾ 4 ಮಿಲಿಗ್ರಾಂ, ಅಂದರೆ ಪಂಪಿನ ಒಂದು ಒತ್ತಿನ 20ರಿಂದ 40 ಪಟ್ಟು ಇರುತ್ತದೆ. ಅದು ರಕ್ತದ ಮೂಲಕ ಮೈಯೆಲ್ಲಾ ಸುತ್ತಿ ಬರಬೇಕು. ನಡುಕ, ಎದೆಬಡಿತ ಹೆಚ್ಚು. ಪಂಪಿನದು ನೇರವಾಗಿ ಬೇಕಾದ ಜಾಗಕ್ಕೆ ಹೋಗುತ್ತದೆ.

ಪ್ರಶ್ನೆ: ಬಸುರಿಯಾದಾಗ ನಿಲ್ಲಿಸಬೇಕೇ?
ಉತ್ತರ: ತಾವಾಗಿ ನಿಲ್ಲಿಸಕೂಡದು. ತಾಯಿಗೆ ಉಸಿರು ಕಟ್ಟಿದರೆ ಮಗುವಿಗೂ ಗಾಳಿ ಕಡಿಮೆ. ವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ನಡೆಯಬೇಕು.

ಪ್ರಶ್ನೆ: ಬೇಸಿಗೆಯಲ್ಲಿ ಚೆನ್ನಾಗಿರುತ್ತೇನೆ. ದಿನದ ಔಷಧಿ ಬಿಡಬಹುದೇ?
ಉತ್ತರ: ಔಷಧಿ ಎಳೆಯುತ್ತಿರುವುದರಿಂದಲೇ ಚೆನ್ನಾಗಿರಬಹುದು. ಕಡಿಮೆ ಮಾಡುವುದಾದರೆ ವೈದ್ಯರನ್ನು ಕೇಳಿಯೇ ಮಾಡಿ. ಮಳೆಗಾಲ ಹಿಡಿಯುವ ಮುನ್ನ ಒಮ್ಮೆ ತೋರಿಸಿಕೊಂಡು ಬನ್ನಿ.

ಸದಸ್ಯ ಬಾಂಧವರೇ, ಈ ಲೇಖನದಿಂದ ಒಂದೇ ಮಾತನ್ನು ನೆನಪಿಟ್ಟುಕೊಂಡರೂ ಸಾಕು. ಬೇಗ ಹಾಯೆನಿಸುವ ಪಂಪು ದಾರಿ ಬಿಡಿಸುತ್ತದೆ, ರೋಗವನ್ನು ಇಳಿಸುವುದಿಲ್ಲ. ಅದು ಎಷ್ಟು ಬೇಗ ಖಾಲಿಯಾಗುತ್ತದೆ ಎಂಬುದು ನಿಮ್ಮ ಎದೆಯ ಸ್ಥಿತಿಯನ್ನು ತೋರಿಸುವ ಅಳತೆಗೋಲು. ಹೊಸ ಪಂಪು ತಂದ ದಿನವೇ ತಾರೀಖು ಬರೆಯಿರಿ. ಮೂರು ತಿಂಗಳೊಳಗೆ ಮುಗಿದರೆ ಔಷಧಿ ಅಂಗಡಿಗೆ ಹೋಗುವ ಮೊದಲು ವೈದ್ಯರ ಬಳಿಗೆ ಹೋಗಿರಿ. ಈ ಪುಟವನ್ನು ಕತ್ತರಿಸಿ ಪಂಪಿನ ಡಬ್ಬಿಯ ಜೊತೆಗಿಡಿ. ಓದಲು ಬಾರದವರಿಗೆ ಮನೆಯ ಮಕ್ಕಳಿಂದ ಓದಿಸಿ ಹೇಳಿಸಿ.

– ಕಬ್ಬು ಅಭಿವೃದ್ಧಿ ಅಧಿಕಾರಿ